ಲೋಟದ ನೀರು ತಿಳಿಯಾಗುವ ತನಕ

ಮಣ್ಣು ಪರೀಕ್ಷೆಯ ವರದಿ ಓದುವುದನ್ನು ಕಾಲೇಜಿನಲ್ಲಿ ಕಲಿಸುತ್ತಾರೆ. ಆ ಮಣ್ಣು ಹೊಲದ ಯಾವ ಮೂಲೆಯಿಂದ ಬಂತು ಎಂದು ಮೊದಲು ಕೇಳಬೇಕೆನ್ನುವುದನ್ನು ಮಾತ್ರ ನಾನು ಒಬ್ಬರ ಬೆಳೆ ಕೆಡಿಸಿದ ಮೇಲೆ ಕಲಿತೆ. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಈಗಲೂ ಫೋನು ಮಾಡಿ, "ಮೇಡಂ, ಏನು ಓದಿಕೊಳ್ಳಬೇಕು?" ಎಂದು ಕೇಳುತ್ತಾರೆ. ಓದುವುದು ಬೇಕಾದಷ್ಟಿದೆ, ಓದಿ. ಆದರೆ ಓದಿನಲ್ಲಿ ಸಿಗದಿರುವ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿಡುತ್ತೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಕುರ್ಚಿಯಿಂದ ಯಾವ ಕುರ್ಚಿಗೆ ಹೋದೆ ಎನ್ನುವುದರಿಂದ ನಿಮಗೇನೂ ಉಪಯೋಗವಿಲ್ಲ, ಅದನ್ನು ಬಿಟ್ಟಿದ್ದೇನೆ.

ನಾನು ರಾಯಚೂರಿನವಳು. ಕೃಷಿ ಓದಿ ಹೈದರಾಬಾದಿಗೆ ಬಂದೆ. ನಮ್ಮದು ರೈತರಿಗೆ ಮಣ್ಣು ಪರೀಕ್ಷೆ ಮಾಡಿ ಸಲಹೆ ಕೊಡುವ ಸಣ್ಣ ಖಾಸಗಿ ಕಚೇರಿ. ಸಿಕಂದರಾಬಾದ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಮೂರು ಕೋಣೆ. ಒಂದರಲ್ಲಿ ಪ್ರಯೋಗಾಲಯ, ಒಂದರಲ್ಲಿ ಮೇಜು ಕುರ್ಚಿ. ಮೂರನೆಯದರಲ್ಲಿ ಹಳೆಯ ಪೇಪರುಗಳ ಮೇಲೆ ಮಣ್ಣು ಒಣಗುತ್ತಿರುತ್ತಿತ್ತು. ರೈತರು ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ, ಟವೆಲಿನ ಗಂಟಿನಲ್ಲಿ, ಊಟದ ಡಬ್ಬಿಯಲ್ಲಿ ತರುತ್ತಿದ್ದರು. ಸಂಜೆ ಮನೆಗೆ ಹೋದಾಗ ನನ್ನ ಸೀರೆಯ ಅಂಚು ಯಾವ ಬಣ್ಣಕ್ಕೆ ತಿರುಗಿದೆ ಎಂದು ನೋಡಿ, ಇವತ್ತು ಯಾವ ದಿಕ್ಕಿನ ರೈತರು ಬಂದಿದ್ದರೆಂದು ನನ್ನ ಗಂಡ ಹೇಳಿಬಿಡುತ್ತಿದ್ದರು.

ಮುಖ್ಯಸ್ಥರು ಕಲಬುರಗಿ ಕಡೆಯ ಪಾಟೀಲ ಸರ್. ಮಿತಭಾಷಿ. ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. ಬೈಯುವ ಅಭ್ಯಾಸವೂ ಇರಲಿಲ್ಲ. ನಾನು ಸೇರಿದ ಹೊಸದರಲ್ಲಿ ಚೇವೆಳ್ಳ ಕಡೆಯ ರೈತರೊಬ್ಬರು ಒಂದು ಗಂಟು ಮಣ್ಣು ತಂದರು. ಪರೀಕ್ಷೆ ಮಾಡಿದರೆ ಎಲ್ಲ ಪೋಷಕಾಂಶಗಳೂ ತುಂಬಿ ತುಳುಕುತ್ತಿದ್ದವು. ಇಂಥ ಹೊಲಕ್ಕೆ ಈ ಸಲ ಗೊಬ್ಬರವೇ ಬೇಡ ಎಂದು ಬರೆದು ಸಹಿ ಹಾಕಿ ಕಳಿಸಿದೆ. ಎರಡು ತಿಂಗಳಾದ ಮೇಲೆ ಅವರು ಒಂದು ಮೆಕ್ಕೆಜೋಳದ ಗಿಡವನ್ನು ಬೇರು ಸಮೇತ ಕಿತ್ತು ತಂದು ನನ್ನ ಮೇಜಿನ ಮೇಲಿಟ್ಟರು. ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಅವರು ಜಗಳ ಮಾಡಲಿಲ್ಲ, ಎದುರಿನ ಕುರ್ಚಿ ಎಳೆದುಕೊಂಡು ಕುಳಿತರು.

ಪಾಟೀಲ ಸರ್ ಬಂದು ಗಿಡ ನೋಡಿದರು. "ಮಣ್ಣು ಎಲ್ಲಿಂದ ತೆಗೆದಾರ, ಕೇಳಿದ್ರೇನು?" ಎಂದರು ನನಗೆ.

ಕೇಳಿರಲಿಲ್ಲ. ಆಗ ಕೇಳಿದೆ. ಎಮ್ಮೆ ಕಟ್ಟುವ ಬೇವಿನ ಮರದ ಕೆಳಗೆ ನೆರಳಿತ್ತು, ಮಣ್ಣು ಮೆತ್ತಗಿತ್ತು, ಅಲ್ಲಿಂದ ತೆಗೆದೆ ಎಂದರು ರೈತರು. ವರ್ಷಗಟ್ಟಲೆ ಸಗಣಿ ಬಿದ್ದ ಜಾಗದ ಮಣ್ಣು ನೋಡಿ ನಾನು ಇಡೀ ಹೊಲಕ್ಕೆ ಸಲಹೆ ಕೊಟ್ಟಿದ್ದೆ. ಅದೇ ದಿನ ಸರ್ ನನ್ನನ್ನು ಆ ರೈತರ ಜೊತೆ ಬಸ್ಸು ಹತ್ತಿಸಿದರು. ಬೆಳೆಯನ್ನು ಪೂರ್ತಿ ಉಳಿಸಲಾಗಲಿಲ್ಲ. ಮೇಲುಗೊಬ್ಬರ ಕೊಡಿಸಿ ಅರ್ಧ ಉಳಿಸಿದೆವು. ಹೊಲದ ಉದ್ದಗಲ ನಡೆದು, ಒಂದೊಂದು ಜಾಗದಲ್ಲಿ ಗುದ್ದಲಿಯಿಂದ ಗೇಣುದ್ದ ಕುಣಿ ತೆಗೆದು ಮಣ್ಣು ಕೂಡಿಸುವುದನ್ನು ಅಂದು ಕಲಿತವಳು, ನಿವೃತ್ತಿಯಾಗುವ ವಾರದವರೆಗೂ ಬಿಡಲಿಲ್ಲ.

ಆಮೇಲೆ ಕಂಪ್ಯೂಟರಿನ ಕಾಲ ಬಂತು. ಹೈದರಾಬಾದಿನ ಪಶ್ಚಿಮಕ್ಕೆ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ವರ್ಷಗಳವು. ಬೆಂಗಳೂರು, ಮೈಸೂರು, ಮಂಗಳೂರಿನ ಹುಡುಗರು ಗುಂಪುಗುಂಪಾಗಿ ಬಂದು ಇಳಿಯುತ್ತಿದ್ದರು. ಕೈಯಲ್ಲಿ ಸಲಹೆ ಬರೆಯುವುದು ಹಳೆಯದಾಯಿತು, ಕಂಪ್ಯೂಟರಿಗೆ ಅಂಕಿ ಕೊಟ್ಟರೆ ಅದೇ ಸಲಹೆ ಮುದ್ರಿಸಿ ಕೊಡುತ್ತದೆ ಎಂದು ನಮ್ಮ ಕಚೇರಿಯೂ ತೀರ್ಮಾನಿಸಿತು. ಆ ಕೆಲಸಕ್ಕೆ ಬಂದವನು ಮೈಸೂರಿನ ಪ್ರಶಾಂತ. ಚುರುಕು ಹುಡುಗ. ಒಂದು ತಿಂಗಳಲ್ಲಿ ಎಲ್ಲ ಸಿದ್ಧ ಮಾಡಿದ. ಬಣ್ಣದ ಗೆರೆಗಳ ಚಂದದ ಹಾಳೆ ಹೊರಗೆ ಬರತೊಡಗಿತು. ನನ್ನ ಕೈಬರಹದ ಚೀಟಿಯನ್ನು ಜೇಬಿಗೆ ತುರುಕುತ್ತಿದ್ದ ರೈತರು ಈ ಹಾಳೆಯನ್ನು ಮಡಚದೆ ಹಿಡಿದುಕೊಂಡು ಹೋಗುತ್ತಿದ್ದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾದದ್ದು ನಿಜ.

ಒಂದು ದಿನ ಜಹೀರಾಬಾದ್ ಕಡೆಯಿಂದ ಬಸಪ್ಪ ಎಂಬ ಹಿರಿಯ ರೈತರು ಬಂದರು. ಬೀದರಿನ ಗಡಿ ಹತ್ತಿರವಾದ್ದರಿಂದ ಆ ಕಡೆ ಕನ್ನಡ ನಡೆಯುತ್ತದೆ. ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದರು.

"ಅಕ್ಕಾರ, ಇದು ನನ್ನ ಕಾಗದ ಅದನೋ, ಬ್ಯಾರೆಯವರದು ಬಂದದನೋ ಸ್ವಲ್ಪ ನೋಡ್ರಿ."

"ನಿಮ್ಮದೇ ಅದರಿ. ಹೆಸರು ಬರದದಲ್ಲ."

"ಹೆಸರು ನಂದೇ ಅದ. ಆದ್ರ ಎಕರೆಕ್ಕ ಇಷ್ಟು ಚೀಲ ಸುಣ್ಣ ಹಾಕ್ರಿ ಅಂತ ಬರದದ. ನನ್ನ ಹೊಲದಾಗ ಗಳೆ ಹೊಡದ್ರ ಸುಣ್ಣದ ಹರಳೇ ಮ್ಯಾಲ ಬರ್ತಾವ. ಇನ್ನೂ ಸುಣ್ಣ ಹಾಕಿದ್ರ ಮನಿ ಗೋಡಿಗಿ ಹಚ್ಚಬಹುದು, ಬೆಳಿ ಬರೂದಿಲ್ಲ."

ಹಾಳೆಯನ್ನು ಹತ್ತಿರ ಎಳೆದುಕೊಂಡು ಓದಿದೆ. ಮಣ್ಣಿನ ಹುಳಿ ಅಥವಾ ಕ್ಷಾರ ಎಷ್ಟೆಂದು ತೋರಿಸುವ ಅಂಕಿಯ ಜಾಗದಲ್ಲಿ ಉಪ್ಪಿನ ಅಂಶದ ಅಂಕಿ ಕುಳಿತಿತ್ತು. ಎರಡು ಸಾಲು ಅದಲುಬದಲಾಗಿದ್ದವು. ಭೂಮಿಯ ಮೇಲೆ ಎಲ್ಲಿಯೂ ಇರಲಾರದಷ್ಟು ಹುಳಿ ಮಣ್ಣು ಇದು ಎಂದು ಕಂಪ್ಯೂಟರು ತಿಳಿದು, ಹುಳಿ ತಗ್ಗಿಸಲು ಆಜ್ಞೆಯಂತೆ ಸುಣ್ಣ ಬರೆದಿತ್ತು. ಇಂಥದ್ದು ಇರಲು ಸಾಧ್ಯವೇ ಎಂದು ಅನುಮಾನಪಡುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಕಲಿಸಬೇಕಾದವಳು ನಾನೇ. ಹಾಳೆಗಳ ಕೆಳಗೆ ಓದದೆ ಸಹಿ ಹಾಕಿದವಳೂ ನಾನೇ.

ಆ ವಾರ ಹೋದ ಹಾಳೆಗಳನ್ನೆಲ್ಲ ಹುಡುಕಿ ತೆಗೆದು, ನಾನೂ ಪ್ರಶಾಂತನೂ ಊರೂರು ತಿರುಗಿ ವಾಪಸು ಪಡೆದೆವು. ಪುಣ್ಯಕ್ಕೆ ಯಾರೂ ಸುಣ್ಣ ಹಾಕಿರಲಿಲ್ಲ. ಬಸಪ್ಪನವರ ಹೊಲದಲ್ಲಿ ಪ್ರಶಾಂತ ಬಗ್ಗಿ ಒಂದು ಹಿಡಿ ಮಣ್ಣೆತ್ತಿ, ಅದರಲ್ಲಿನ ಬಿಳಿ ಹರಳುಗಳನ್ನು ಬೆರಳಿನಿಂದ ಆರಿಸಿದ.

"ಮೇಡಂ, ಇದನ್ನ ಮೊದಲೇ ನೋಡಿದ್ದಿದ್ರೆ ಆ ಅಂಕಿ ತಪ್ಪು ಅಂತ ನಂಗೂ ಹೊಳೀತಿತ್ತು," ಎಂದ.

ಹಿಂದಿರುಗಿದ ಮೇಲೆ ಅವನು ಕಂಪ್ಯೂಟರಿಗೆ ಒಂದು ತಡೆ ಸೇರಿಸಿದ. ಅಸಂಭವವಾದ ಅಂಕಿ ಕಂಡರೆ ಅದು ಮುದ್ರಿಸದೆ ನಿಂತುಬಿಡುತ್ತಿತ್ತು. ನಾನು ಅಂಕಿ ಓದುವ ಮೊದಲು ಹೆಸರು, ಊರು, ಹಿಂದಿನ ಬೆಳೆ ಓದುವ ಅಭ್ಯಾಸ ಮಾಡಿಕೊಂಡೆ. ಯಂತ್ರವನ್ನು ದೂರಬೇಡಿ. ಅದು ಬಂದ ಮೇಲೆ ನಮಗೆ ಹೊಲಕ್ಕೆ ಹೋಗಲು ಸಮಯ ಸಿಕ್ಕಿತು, ಮತ್ತು ನನ್ನ ಜೀವನದ ಒಳ್ಳೆಯ ಕೆಲಸ ನಡೆದದ್ದು ಆ ಸಮಯದಲ್ಲಿಯೇ.

ಅದು ಚಂದ್ರಮ್ಮನ ಹೊಲದ ಕೆಲಸ.

ಚಂದ್ರಮ್ಮ ಮತ್ತು ಅವಳ ಗಂಡ ಮಾಣಿಕಪ್ಪ ನಮ್ಮ ಮಾನ್ವಿ ಕಡೆಯವರು. ಲಿಂಗಂಪಲ್ಲಿಯ ಆಚೆ ಬರೀ ಬಂಡೆ ಮತ್ತು ಸೀತಾಫಲದ ಪೊದೆ ಇದ್ದ ಕಾಲದಲ್ಲಿ ಬಂದು ಎರಡು ಎಕರೆ ಕೊಂಡಿದ್ದರು. ಪಾಲಕ್, ಮೆಂತ್ಯ, ಕೊತ್ತಂಬರಿ ಬೆಳೆದು ಬೆಳಗಿನ, ಸಂಜೆಯ ರೈಲಿಗೆ ಸರಿಯಾಗಿ ಲಿಂಗಂಪಲ್ಲಿ ಸ್ಟೇಷನ್ನಿನ ಹೊರಗೆ ಕುಳಿತು ಮಾರುತ್ತಿದ್ದರು. ನಾನು ಅವಳನ್ನು ಕಂಡದ್ದೂ ಅಲ್ಲಿಯೇ. ಹೊಲ ನೋಡುವ ಕೆಲಸ ಮುಗಿಸಿ ರೈಲಿಗೆ ಕಾಯುತ್ತ ಪಾಲಕ್ ಕೊಳ್ಳಲು ಬಗ್ಗಿದೆ. ಎಲೆಯ ಅಂಚು ಸುಟ್ಟಂತಿತ್ತು.

"ನಿಮ್ಮ ಬೋರಿನ ನೀರು ಉಪ್ಪು ಇರಬೇಕಲ್ರಿ," ಎಂದೆ ಕನ್ನಡದಲ್ಲಿ. ಪಕ್ಕದವಳೊಡನೆ ಅವಳು ಕನ್ನಡ ಆಡುತ್ತಿದ್ದದ್ದು ಕಿವಿಗೆ ಬಿದ್ದಿತ್ತು.

ಅವಳು ಸೊಪ್ಪು ಕಟ್ಟುವುದನ್ನು ನಿಲ್ಲಿಸಿದಳು. "ನಿಮಗ್ಯಾರು ಹೇಳಿದ್ರು?"

"ನಿಮ್ಮ ಪಾಲಕ್ ಹೇಳಾಕತ್ತೈತಿ."

ರೈಲು ಬಂತು, ಹೋಯಿತು. ನಾನು ಅವಳ ಹೊಲಕ್ಕೆ ಹೋದೆ.

ಹೊಲ ನೋಡಿ ಬೇಸರವಾಯಿತು. ಮೇಲೆ ಅಲ್ಲಲ್ಲಿ ಬಿಳಿ ಪೊರೆ. ನೀರು ಬಿಟ್ಟರೆ ಒಳಗಿಳಿಯದೆ ನಿಲ್ಲುತ್ತಿತ್ತು, ಒಣಗಿದರೆ ಹಪ್ಪಳದಂತೆ ಎದ್ದು ಬಿರುಕು ಬಿಡುತ್ತಿತ್ತು. ಪಾಟೀಲ ಸರ್ ಕಲಿಸಿದ ಒಂದು ಪರೀಕ್ಷೆಯನ್ನು ಅಲ್ಲೇ ಮಾಡಿದೆ. ಚಹದ ಗಾಜಿನ ಲೋಟದಲ್ಲಿ ತಿಳಿಯಾದ ಮಳೆನೀರು ಹಾಕಿ, ಒಣಗಿದ ಒಂದು ಹೆಂಟೆಯನ್ನು ಮೆಲ್ಲಗೆ ಬಿಡಬೇಕು. ಆರೋಗ್ಯದ ಮಣ್ಣಾದರೆ ಹೆಂಟೆ ಉದುರಿದರೂ ನೀರು ತಿಳಿಯಾಗಿರುತ್ತದೆ. ಮಣ್ಣಿನಲ್ಲಿ ಸೋಡಾದ ಅಂಶ ಹೆಚ್ಚಾಗಿದ್ದರೆ ಹೆಂಟೆ ಕರಗಿ ನೀರು ಹಾಲಿನಂತೆ ಕದಡುತ್ತದೆ, ಎಷ್ಟು ಹೊತ್ತಾದರೂ ಕೆಳಗೆ ಕೂರುವುದಿಲ್ಲ. ಚಂದ್ರಮ್ಮನ ಲೋಟ ನೋಡನೋಡುತ್ತಲೇ ಬೆಳ್ಳಗಾಯಿತು.

ಮಾಣಿಕಪ್ಪ ದೂರ ನಿಂತು ನೋಡುತ್ತಿದ್ದ. "ಇನ್ನೇನೈತ್ರಿ ಇದರಾಗ," ಎಂದ. "ಎಡಕ್ಕ ಮಾರಿದ್ರು, ಬಲಕ್ಕ ಮಾರಿದ್ರು. ನಾವೂ ಕೊಟ್ಟು ಊರಿಗೆ ಹೋದ್ರಾತು. ಈಕಿ ಕೇಳವಲ್ಲಳು."

"ನೀವು ಮಾರಿ ಏನು ಮಾಡವ್ರು, ಹೇಳ್ರಿ," ಎಂದಳು ಚಂದ್ರಮ್ಮ ಗಂಡನಿಗೆ. "ನನಗ ಸೊಪ್ಪು ಬಿಟ್ರ ಬ್ಯಾರೆ ಬರೂದಿಲ್ಲ. ಅಕ್ಕಾರ, ಇದು ಸುಧಾರಿಸ್ತತಿ ಅಂದ್ರ ನಾ ಮಾಡ್ತೀನಿ. ಸುಧಾರಿಸೂದಿಲ್ಲ ಅಂದ್ರ ಖರೇ ಹೇಳ್ರಿ, ನಾಳಿಗೇ ಕೊಡ್ತೀವಿ."

ಈ ಪ್ರಶ್ನೆ ನಿಮಗೂ ಒಂದು ದಿನ ಎದುರಾಗುತ್ತದೆ. ಆ ಹೊತ್ತಿನಲ್ಲಿ ಪ್ರಯೋಗಾಲಯಕ್ಕೆ ಹೋಗಿ ನೋಡಿ ಹೇಳುತ್ತೇನೆ ಎನ್ನಿ. ನಾನು ಹಾಗೇ ಅಂದೆ. ಮಣ್ಣು, ನೀರು ಎರಡನ್ನೂ ತಂದು ಪರೀಕ್ಷೆ ಮಾಡಿ, ಪಾಟೀಲ ಸರ್ ಜೊತೆ ಕುಳಿತು ಲೆಕ್ಕ ಹಾಕಿ, ವಾರದ ನಂತರ ಹೋಗಿ ಹೇಳಿದೆ: ಸುಧಾರಿಸುತ್ತದೆ, ಆದರೆ ಒಂದು ಬೆಳೆಯಲ್ಲಿ ಅಲ್ಲ. ಸೋಡಾ ಬಿಡಿಸಲು ಜಿಪ್ಸಂ ಹಾಕಬೇಕು, ಉಪ್ಪು ತೊಳೆದು ಹೋಗಲು ಕಾಲುವೆ ತೋಡಬೇಕು, ಹಸಿರೆಲೆ ಗೊಬ್ಬರಕ್ಕೆ ಬೆಳೆಸುವ ಡಯಂಚ ಬಿತ್ತಿ ಹೂವಿಗೆ ಬರುವ ಮೊದಲೇ ಉತ್ತು ಮಣ್ಣಿಗೆ ಸೇರಿಸಬೇಕು. ಒಂದೊಂದು ಸಲಕ್ಕೆ ಒಂದೊಂದು ತುಂಡು, ಉಳಿದದ್ದರಲ್ಲಿ ಸೊಪ್ಪು.

ಮೊದಲ ಹಂಗಾಮು ಬಿಳಿ ಪೊರೆ ಕಡಿಮೆಯಾಯಿತು. ಸೊಪ್ಪು ಇನ್ನೂ ಸೊರಗಿಯೇ ಇತ್ತು. ಮಾಣಿಕಪ್ಪ ಒಬ್ಬ ದಲ್ಲಾಳಿಯನ್ನು ಕರೆತಂದು ಹೊಲ ತೋರಿಸಿದನಂತೆ. ಚಂದ್ರಮ್ಮ ಅವನನ್ನು ಕೂರಿಸಿ ಚಹ ಕೊಟ್ಟು, ಇನ್ನೆರಡು ಹಂಗಾಮು ಬಿಟ್ಟು ಬರ್ರಿ ಎಂದು ಕಳಿಸಿದಳಂತೆ.

ನನ್ನ ತಪ್ಪು ನಡೆದದ್ದು ಎರಡನೆಯ ಹಂಗಾಮಿನಲ್ಲಿ. ಹತ್ತಿರದಲ್ಲಿ ಒಂದು ದೊಡ್ಡ ಕಟ್ಟಡದ ಅಡಿಪಾಯ ತೋಡುತ್ತಿದ್ದರು. ತೋಡಿದ ಮಣ್ಣನ್ನು ಎಲ್ಲಿ ಸುರಿಯಲಿ ಎಂದು ಟಿಪ್ಪರಿನವರು ಜಾಗ ಹುಡುಕುತ್ತಿದ್ದರು. ಚಂದ್ರಮ್ಮ ನನಗೆ ಎರಡು ಹಿಡಿ ತೋರಿಸಿದಳು. ಒಳ್ಳೆಯ ಕೆಂಪು, ಕೈಗೆ ಮೆತ್ತಗೆ. ಅಂದು ನನಗೆ ಶಂಕರಪಲ್ಲಿಯಲ್ಲಿ ಬೇರೆ ಕೆಲಸವಿತ್ತು, ಅವಸರದಲ್ಲಿದ್ದೆ. "ಚಲೋ ಐತಿ, ಒಂದು ಮೂಲಿಗೆ ಹಾಕಿಸ್ರಿ," ಎಂದುಬಿಟ್ಟೆ. ಪರೀಕ್ಷೆ ಇಲ್ಲ, ಲೋಟ ಇಲ್ಲ, ಎಷ್ಟು ಆಳದ ಮಣ್ಣೆಂದು ಕೇಳಿದ್ದೂ ಇಲ್ಲ. ಬರೀ ಬಣ್ಣ ನೋಡಿ ಹೇಳಿದ ಮಾತು.

ಹದಿನೈದು ದಿನ ಬಿಟ್ಟು ಹೋದರೆ ಆ ಮೂಲೆ ಇಟ್ಟಿಗೆಯಾಗಿತ್ತು. ಆಳದಿಂದ ಬಂದ ಸತ್ವವಿಲ್ಲದ ಮಣ್ಣು, ಅದರ ಮೇಲೆ ಕಾಂಕ್ರೀಟು ಯಂತ್ರ ತೊಳೆದ ಬೂದು ನೀರು ಬೇರೆ ಬಿದ್ದಿತ್ತು. ಮೊದಲ ನೀರಿಗೇ ಗಟ್ಟಿಯಾಗಿ, ಬಿತ್ತಿದ ಮೆಂತ್ಯ ಒಂದೂ ತಲೆ ಎತ್ತಿರಲಿಲ್ಲ. ಸುಧಾರಿಸುತ್ತಿದ್ದ ತುಂಡಿನ ಮೇಲೆಯೇ ಅದನ್ನು ಹರಡಿದ್ದರು.

ಚಂದ್ರಮ್ಮ ಕುಕ್ಕರುಗಾಲಿನಲ್ಲಿ ಕುಳಿತು ಬೆರಳಿನಿಂದ ಆ ಗಟ್ಟಿಯನ್ನು ಕೆರೆಯುತ್ತಿದ್ದಳು. ನನ್ನ ಮುಖ ನೋಡಲಿಲ್ಲ. "ನೀವು ನೋಡಿ ಹೂಂ ಅಂದ್ರಿ ಅಂತ ಹಾಕಿಸಿದ್ವಿ," ಎಂದಳು.

ಕಚೇರಿಗೆ ಬಂದು ಪಾಟೀಲ ಸರ್ ಮುಂದೆ ನಿಂತೆ. ಮಳೆ ಬೇರೆ ತಡವಾಗಿತ್ತು, ಬೋರಿನ ನೀರೂ ಕಡಿಮೆಯಾಗಿತ್ತು ಎಂದು ಶುರು ಮಾಡಿದೆ.

ಅವರು ಕನ್ನಡಕ ತೆಗೆದರು. "ಮಳಿ ಮ್ಯಾಲ ಹಾಕಬ್ಯಾಡ್ರಿ. ಫೈಲಿನ್ಯಾಗ ಬರೀರಿ, ಪರೀಕ್ಷಾ ಮಾಡದ ಸಲಹಾ ಕೊಟ್ಟೆ ಅಂತ. ನಿಮ್ಮ ಹೆಸರು ಬರೀರಿ. ನಾಳಿ ಬರೂ ಹುಡುಗೂರು ಅದನ್ನ ಓದಬೇಕು."

ಬರೆದೆ. ಆ ಸಾಲು ಆ ಫೈಲಿನಲ್ಲಿ ಈಗಲೂ ಇರಬೇಕು. ಆಮೇಲೆ ಪಾಟೀಲ ಸರ್ ಹತ್ತು ದಿನ ನನ್ನನ್ನು ಬೇರೆ ಯಾವ ಕೆಲಸಕ್ಕೂ ಕರೆಯಲಿಲ್ಲ. ದಿನಾ ಲಿಂಗಂಪಲ್ಲಿಯ ರೈಲು ಹಿಡಿದೆ. ಚಂದ್ರಮ್ಮ, ನಾನು, ಒಂದಿಬ್ಬರು ಆಳುಗಳು ಸೇರಿ ಆ ಕೆಂಪು ಮಣ್ಣನ್ನು ಸಲಿಕೆಯಿಂದ ಎತ್ತಿ ಬುಟ್ಟಿಯಲ್ಲಿ ಹೊತ್ತು ಬದುವಿನಾಚೆ ಹಾಕಿದೆವು. ಮೂರನೆಯ ದಿನ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಮಾಣಿಕಪ್ಪ ಅದನ್ನು ನೋಡಿ, ನನ್ನ ಕೈಯ ಸಲಿಕೆ ತೆಗೆದುಕೊಂಡು ತಾನೇ ಶುರು ಮಾಡಿದ. ಅಂದಿನಿಂದ ದಲ್ಲಾಳಿಯ ಸುದ್ದಿ ನಿಂತಿತು.

ಆ ಬೇಸಿಗೆ ಒಂದು ಹಳೆಯ ಕೆರೆ ಒಣಗಿತ್ತು. ಅದರ ಹೂಳನ್ನು ತರುವ ಮೊದಲು ನಾನು ಆರು ಕಡೆ ಕುಣಿ ತೋಡಿ ಪರೀಕ್ಷೆ ಮಾಡಿದೆ. ಎರಡು ಕಡೆಯದು ಬೇಡವೆಂದೆ, ನಾಲ್ಕು ಕಡೆಯದನ್ನು ತರಿಸಿದೆವು. ಮತ್ತೆ ಡಯಂಚ, ಮತ್ತೆ ಸಗಣಿ ಗೊಬ್ಬರ. ಮಳೆಯ ನೀರು ಕಾಲುವೆಗುಂಟ ಹರಿದು ಉಪ್ಪನ್ನು ಹೊತ್ತುಕೊಂಡು ಹೋಯಿತು. ಮೂರನೆಯ ಹಂಗಾಮಿನಲ್ಲಿ ನಾನು ಹೋದಾಗ ಚಂದ್ರಮ್ಮ ಮೊದಲು ಸೊಪ್ಪು ತೋರಿಸಲಿಲ್ಲ. ಹೊಲದ ಮನೆಯ ಕಟ್ಟೆಯ ಮೇಲೆ ಇಟ್ಟಿದ್ದ ಗಾಜಿನ ಲೋಟ ತೋರಿಸಿದಳು. ನಾನು ಬರುವ ಮುಂಚೆ ತಾನೇ ಹೆಂಟೆ ಬಿಟ್ಟಿದ್ದಳು. ಅದು ತಳದಲ್ಲಿ ಬಿಡಿಬಿಡಿಯಾಗಿ ಕುಳಿತಿತ್ತು. ಮೇಲಿನ ನೀರಿನಲ್ಲಿ ಆಚೆಯ ಗೋಡೆ ಕಾಣುತ್ತಿತ್ತು.

"ಮುಂಜಾನಿಂದ ಹಂಗೇ ಐತ್ರಿ," ಎಂದಳು. "ಇವರಿಗೂ ತೋರಿಸ್ದೆ. ನೀರು ನೀರಾಗೇ ಐತಲ್ಲೇ ಅಂದ್ರು."

ಹಿಂದೆ ಪಾಲಕ್ ಮಡಿಗಳಿದ್ದವು. ಅಂಗೈ ಅಗಲದ ಎಲೆ, ಕಡು ಹಸಿರು. ಒಂದು ಗಿಡ ಕಿತ್ತೆ, ಬೇರಿಗೆ ಮಣ್ಣು ಕಾಳುಕಾಳಾಗಿ ಅಂಟಿಕೊಂಡು ಬಂತು, ಅದರಲ್ಲೊಂದು ಎರೆಹುಳು. ನಾನು ಬಹಳ ಕಲಿತವಳಂತೆ ಏನಾದರೂ ಹೇಳಬೇಕೆಂದುಕೊಂಡೆ. ಕೊನೆಗೆ ಎರೆಹುಳುವನ್ನು ಮಡಿಗೆ ವಾಪಸು ಬಿಟ್ಟೆ. ಪಾಟೀಲ ಸರ್ ಒಮ್ಮೆ ಬಂದು ನೋಡಿ, ಒಂದು ಹಿಡಿ ಮಣ್ಣು ಮೂಸಿ, "ಹೂಂ" ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಮಾತನ್ನು ನಾನು ಕೇಳಿದ್ದಿಲ್ಲ.

ಆ ಮಣ್ಣು ಐದಾರು ವರ್ಷ ಸೊಪ್ಪು ಕೊಟ್ಟಿತು. ಗಾಜಿನ ಕಟ್ಟಡಗಳಿಂದ ಕೆಲಸ ಬಿಟ್ಟು ಬರುವ ಹುಡುಗ ಹುಡುಗಿಯರು ಲಿಂಗಂಪಲ್ಲಿ ಸ್ಟೇಷನ್ನಿನ ಹೊರಗೆ ಚಂದ್ರಮ್ಮನ ಬುಟ್ಟಿಯನ್ನೇ ಹುಡುಕಿ ಬರುತ್ತಿದ್ದರು. ಪ್ರಶಾಂತನೂ ಅವರಲ್ಲೊಬ್ಬ.

ಆಮೇಲೆ ರಸ್ತೆ ಬಂತು. ಅಗಲದ ರಸ್ತೆಯ ಗೆರೆ ಸರಿಯಾಗಿ ಚಂದ್ರಮ್ಮನ ಹೊಲದ ಮಧ್ಯೆ ಹಾದಿತ್ತು. ಈ ಸಲ ಮಾರುವ, ಬಿಡುವ ಮಾತು ಅವರ ಕೈಯಲ್ಲಿರಲಿಲ್ಲ. ಸರಕಾರ ಕೊಟ್ಟ ಪರಿಹಾರದ ಹಣದಲ್ಲಿ ಶಂಕರಪಲ್ಲಿ ದಾರಿಯಲ್ಲಿ ಇನ್ನೊಂದು ಹೊಲ ಕೊಂಡರು. ಕಲ್ಲು ತುಂಬಿದ ತೆಳ್ಳಗಿನ ಕೆಂಪು ನೆಲ. ನಾನು ಸಮಾಧಾನ ಹೇಳಲೆಂದು ಹೋದೆ. ಚಂದ್ರಮ್ಮ ಅಳುತ್ತಿರಲಿಲ್ಲ. ಅವಳ ತಲೆಯಲ್ಲಿ ಬೇರೇನೋ ಓಡುತ್ತಿತ್ತು.

"ಅಕ್ಕಾರ, ಮ್ಯಾಲಿನ ಮಣ್ಣು ಎಷ್ಟು ಆಳ ಚಲೋ ಐತಿ?"

"ಒಂದು ಗೇಣು, ಒಂದೂವರೆ ಗೇಣು. ಯಾಕ್ರಿ?"

"ಅಷ್ಟು ತೆಗೆದು ಒಯ್ತೀನಿ."

ಆಗುವ ಮಾತಲ್ಲ ಎಂದೆ. ಮಣ್ಣನ್ನು ಕೆದಕಿ ಹೊತ್ತೊಯ್ದರೆ ಅದರ ಕಟ್ಟು ಮುರಿಯುತ್ತದೆ, ಒಳಗಿನ ಜೀವ ಅರ್ಧ ಸಾಯುತ್ತದೆ, ಇಷ್ಟು ದೂರ ಒಯ್ಯುವುದು ಯಾರಿಗೆ ಸಾಧ್ಯ ಎಂದೆಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅರ್ಧ ಸಾಯ್ತತಿ ಅಂದ್ರಿ. ಇನ್ನರ್ಧ ಉಳೀತತಿ ಅಲ್ಲೇನ್ರಿ? ಇಲ್ಲೇ ಬಿಟ್ರ ಡಾಂಬರಿನ ಕೆಳಗ ಎಲ್ಲಾ ಹೊಕ್ಕತಿ."

ಹಾಗಿದ್ದರೆ ಸರಿಯಾಗಿ ಮಾಡೋಣ ಎಂದೆ. ರಸ್ತೆಯ ಗುತ್ತಿಗೆದಾರನನ್ನು ಕಂಡು ಮಾತಾಡಿದೆ. ಅವನ ಟಿಪ್ಪರುಗಳು ರಸ್ತೆಗೆ ಹಾಸುವ ಮೊರಂ ಎಂಬ ಗರಸು ಮಣ್ಣು ತರಲು ಶಂಕರಪಲ್ಲಿ ಕಡೆಗೆ ಖಾಲಿಯಾಗಿ ಹೋಗುತ್ತಿದ್ದವು. ಹೇಗೂ ಕಿತ್ತು ಬಿಸಾಡಬೇಕಾದ ಮಣ್ಣು, ನೀವೇ ತುಂಬಿಕೊಂಡರೆ ಒಯ್ದು ಇಳಿಸುತ್ತೇವೆ ಎಂದ. ಮಣ್ಣು ಹಸಿಯಾಗಿರಬಾರದು, ಪೂರ್ತಿ ಒಣಗಿಯೂ ಇರಬಾರದು, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ಬೆರಳು ತಾಗಿಸಿದರೆ ಉದುರಬೇಕು. ಆ ಹದ ಬರುವವರೆಗೆ ಕಾದೆವು. ಒಂದು ಗೇಣಿಗಿಂತ ಕೆಳಗೆ ಹೋಗದಂತೆ ಮಾಣಿಕಪ್ಪ ಕೋಲು ಹಿಡಿದು ನಿಂತ. ಹೊಸ ಹೊಲದಲ್ಲಿ ಕಲ್ಲು ಆಯ್ದು, ಸಾಗಿಸಲು ಆಗುವಷ್ಟು ಮಣ್ಣಿಗೆ ಅರ್ಧ ಎಕರೆ ಸಿದ್ಧ ಮಾಡಿ, ಬಂದ ಮಣ್ಣನ್ನು ಗುಡ್ಡೆ ಹಾಕದೆ ಅಂದಂದೇ ಹರಡಿ ಡಯಂಚ ಬಿತ್ತುವುದೆಂದು ನಿಶ್ಚಯಿಸಿದೆವು. ಇಂಥದ್ದಕ್ಕೆ ಯಾವ ಪುಸ್ತಕದಲ್ಲೂ ಕ್ರಮ ಬರೆದಿರಲಿಲ್ಲ. ಇಪ್ಪತ್ತೈದು ವರ್ಷ ಕಲಿತದ್ದೆಲ್ಲ ಆ ವಾರ ಕೆಲಸಕ್ಕೆ ಬಂತು.

ಮೊದಲ ಟಿಪ್ಪರಿನಲ್ಲಿ ನಾನೂ ಚಂದ್ರಮ್ಮನೂ ಚಾಲಕನ ಪಕ್ಕ ಕುಳಿತು ಹೊರಟೆವು. ಶಂಕರಪಲ್ಲಿ ದಾರಿಗೆ ಹೊರಳುತ್ತಿದ್ದಂತೆ ಒಬ್ಬ ಪೊಲೀಸಿನವನು ಕೈ ಅಡ್ಡ ಮಾಡಿ ಗಾಡಿ ನಿಲ್ಲಿಸಿದ. ಕಟ್ಟಡದ ಮಣ್ಣನ್ನು ಕಂಡಕಂಡಲ್ಲಿ ಸುರಿದು ಹೋಗುವವರ ಕಾಟ ಆಗ ಹೆಚ್ಚಾಗಿತ್ತು. ಅವನು ಚಕ್ರದ ಮೇಲೆ ಕಾಲಿಟ್ಟು ಹತ್ತಿ ಹಿಂದೆ ಇಣುಕಿ ನೋಡಿದ.

"ಮಿಟ್ಟಿ ಕಹಾಂ ಲೇಕೆ ಜಾರೇ?" ಎಂದ, ಮಣ್ಣು ಎಲ್ಲಿಗೆ ಒಯ್ಯುತ್ತಿದ್ದೀರಿ ಎಂದು.

ಚಾಲಕ ಉತ್ತರ ಕೊಡುವ ಮೊದಲೇ ಚಂದ್ರಮ್ಮ ಕಿಟಕಿಯಿಂದ ತಲೆ ಹೊರಹಾಕಿದಳು.

"ಮಿಟ್ಟಿ ನೈ ಸಾಬ್. ಖೇತ್ ಹೈ ಮೇರಾ. ಖೇತ್ ಲೇಕೆ ಜಾರೈಂ."

ಮಣ್ಣಲ್ಲ, ನನ್ನ ಹೊಲ, ಹೊಲ ತಗೊಂಡು ಹೊರಟೀವಿ ಎಂದಳು. ಪೊಲೀಸಿನವನಿಗೆ ಇದು ತಮಾಷೆಯೋ ನಿಜವೋ ತಿಳಿಯಲಿಲ್ಲ. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು ಕುಳಿತಿದ್ದ ನನ್ನ ಕಡೆ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ಕೆಳಗಿಳಿದು ದಾರಿ ಬಿಟ್ಟ.